ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬೇಸಗೆಯ ರಜೆ ಬಂದಿತೆಂದರೆ ಮಲೆನಾಡಿನ ಮನೆಯಂಗಳಗಳಿಗೆ ಜೀವ ಬರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ಸೀಮೆಗಳಲ್ಲಿ ಯಾವ ಊರಿನ ಯಾವ ಮನೆಗೆ ಹೋದರೂ ಸಂಜೆಯ ನೋಟ ಒಂದೇ. ಅಡಕೆ ಒಣಗಿಸಿದ ಅಂಗಳ ತೆರವಾಗಿರುತ್ತದೆ. ಪೇಟೆಯಿಂದ ಬಂದ ಮೊಮ್ಮಕ್ಕಳೂ ಊರಿನಲ್ಲಿಯೇ ಇರುವ ಮಕ್ಕಳೂ ಎರಡು ಪಕ್ಷವಾಗಿ ಆಟಕ್ಕೆ ನಿಂತಿರುತ್ತಾರೆ. ಅಷ್ಟರಲ್ಲಿ ಮನೆಯ ಕೊನೆಯ ಮಗು, ನಾಲ್ಕೈದು ವರ್ಷದ್ದು, ‘ನಾನೂ ಬರ್ತೀನಿ’ ಎಂದು ರಾಗ ತೆಗೆಯುತ್ತದೆ. ಸೇರಿಸಿಕೊಂಡರೆ ಆಟ ಕೆಟ್ಟೀತು. ಬಿಟ್ಟರೆ ಅಳು ಒಳಮನೆಯವರೆಗೆ ಮುಟ್ಟೀತು. ‘ಅದನ್ನೂ ಸೇರಿಸಿಕೊಳ್ರೋ’ ಎಂದು ಜಗಲಿಯಿಂದ ಅಜ್ಜಿಯ ಶಿಫಾರಸು ಬೇರೆ. ಕೊನೆಗೆ ಹಿರಿಯಣ್ಣ ತೀರ್ಪು ಕೊಡುತ್ತಾನೆ: ‘ಆಯಿತು, ಬಾ. ಆಟಕ್ಕುಂಟು, ಲೆಕ್ಕಕ್ಕಿಲ್ಲ.’

ಕನ್ನಡಿಗರ ಬಾಯಲ್ಲಿ ಗಾದೆಯೇ ಆಗಿಹೋಗಿರುವ ಈ ತೀರ್ಪಿನಲ್ಲಿ ಎಷ್ಟೊಂದು ಜಾಣತನವಿದೆ! ಮಗು ಓಡಬಹುದು, ಕೂಗಬಹುದು, ಬೀಳಬಹುದು, ಮಂಡಿ ತರಚಿಕೊಳ್ಳಬಹುದು. ಆದರೆ ಅದು ಔಟಾದರೆ ಯಾರೂ ಎಣಿಸುವುದಿಲ್ಲ, ಗೆದ್ದರೂ ಎಣಿಸುವುದಿಲ್ಲ. ಮಗುವಿಗೆ ಅದು ತಿಳಿಯದು. ತಾನೂ ಎಲ್ಲರಂತೆ ಒಬ್ಬನೆಂದೇ ಅದು ನಂಬಿರುತ್ತದೆ. ಅಂಗಳದ ಮಟ್ಟಿಗೆ ಇದು ಅಕ್ಕರೆಯ ಮಾತು. ಇದೇ ಮಾತನ್ನು ಒಂದು ನಾಡು ತನ್ನ ಬೆಳೆದ ಮಕ್ಕಳಿಗೆ ಹೇಳಿದರೆ ಅದರ ಅರ್ಥವೇ ಬೇರೆಯಾಗುತ್ತದೆ.

ಶರಾವತಿಯ ದಂಡೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರದ ಸೀಮೆಯಲ್ಲಿ ಜೋಗದ ಬಂಡೆಗಳಿಂದ ಧುಮುಕುವ ಈ ಹೊಳೆಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ೧೯೬೪ರಲ್ಲಿ ಮುಗಿಯಿತು. ಗದ್ದೆ, ತೋಟ, ದೇವಸ್ಥಾನ, ಮನೆಯ ಮುಂದಣ ತುಳಸೀಕಟ್ಟೆ ಎಲ್ಲವೂ ನೀರಿನ ಪಾಲಾದುವು. ಜನರು ಗಂಟುಮೂಟೆ ಕಟ್ಟಿಕೊಂಡು ಕಾಣದ ಕಾಡುಗಳಿಗೆ ಹೋದರು. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರು ನಾಡಿನ ಊರೂರಿಗೆ ದೀಪ ಹಚ್ಚಿತು. ಹಿನ್ನೀರಿನ ಅಂಚಿನ ಎಷ್ಟೋ ಹಳ್ಳಿಗಳಲ್ಲಿ ಮಾತ್ರ ಬಹುಕಾಲ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು. ಕೊಡುವಾಗ ಅವರು ಆಟಕ್ಕಿದ್ದರು, ಪಡೆಯುವಾಗ ಲೆಕ್ಕಕ್ಕಿರಲಿಲ್ಲ.

ಊರಿನಿಂದ ಎಬ್ಬಿಸಲ್ಪಟ್ಟವನ ಸಂಕಟದಲ್ಲಿ ಎರಡು ಪದರಗಳಿವೆಯೆಂದು ಈ ಸೀಮೆಯ ಅನುಭವ ಹೇಳುತ್ತದೆ. ನೆಲ ಹೋಯಿತೆಂಬುದು ಮೊದಲನೆಯದು. ತಾನು ಅಲ್ಲಿದ್ದೆನೆಂಬುದೇ ಕಡತದಿಂದ ಅಳಿದುಹೋಯಿತೆಂಬುದು ಎರಡನೆಯದು. ಈ ಎರಡನೆಯದು ಎಷ್ಟು ಆಳಕ್ಕೆ ಇಳಿಯಬಲ್ಲದೆಂಬುದನ್ನು ಅರಿಯಬೇಕಾದರೆ ಸಮುದ್ರದಾಚೆಯ ಒಬ್ಬ ಆಟಗಾರನ ಬಾಳನ್ನು ನೋಡಬೇಕು. ಆತನ ಹೆಸರು ಗಾಟ್‌ಫ್ರೀಡ್ ಫುಕ್ಸ್. ಜರ್ಮನ್ ಭಾಷೆಯಲ್ಲಿ ಫುಕ್ಸ್ ಎಂದರೆ ನರಿ. ಗೋಲಿನ ಮುಂದೆ ಆತನ ಚುರುಕಿಗೆ ಹೆಸರು ಒಪ್ಪುವಂತಿತ್ತು.

*

ಜರ್ಮನಿಯ ನೈಋತ್ಯ ಮೂಲೆಯಲ್ಲಿ, ‘ಕರಿಯ ಕಾಡು’ ಎಂದು ಹೆಸರಾದ ದಟ್ಟಡವಿಯ ಸಮೀಪದಲ್ಲಿ ಕಾರ್ಲ್ಸ್‌ರೂಹೆ ಎಂಬ ಪಟ್ಟಣವಿದೆ. ಅರಮನೆಯನ್ನು ನಡುವೆ ಇಟ್ಟು, ಬೀಸಣಿಗೆಯ ಕಡ್ಡಿಗಳಂತೆ ಬೀದಿಗಳನ್ನು ಬಿಡಿಸಿ ೧೭೧೫ರಲ್ಲಿ ಕಟ್ಟಲು ತೊಡಗಿದ ಊರು. ಆ ಊರಿನ ಒಂದು ಯೆಹೂದಿ ಮನೆತನದಲ್ಲಿ ೧೮೮೯ರ ಮೇ ೩ರಂದು ಫುಕ್ಸ್ ಹುಟ್ಟಿದನು. ಮನೆತನದ ಕಸುಬು ನಾಟಾ ವ್ಯಾಪಾರ. ಕಾಡಿನ ಮರವನ್ನು ಕೊಯ್ದು ಪೇಟೆಗೆ ಸಾಗಿಸುವ ಈ ಬದುಕು ಮಲೆನಾಡಿನವರಿಗೆ ಪರಿಚಿತವೇ.

ಆ ಕಾಲದ ಜರ್ಮನಿಯಲ್ಲಿ ಕಾಲ್ಚೆಂಡಾಟಕ್ಕೆ ಮರ್ಯಾದೆ ಇರಲಿಲ್ಲ. ಸಾಲಾಗಿ ನಿಂತು ಅಂಗಸಾಧನೆ ಮಾಡುವುದೇ ಸಭ್ಯ ಯುವಕರಿಗೆ ತಕ್ಕ ವ್ಯಾಯಾಮವೆಂದು ಹಿರಿಯರು ತಿಳಿದಿದ್ದರು. ಚರ್ಮದ ಚೆಂಡನ್ನು ಒದೆಯುತ್ತ ಕೆಸರಿನಲ್ಲಿ ಓಡುವುದನ್ನು ಅವರು ‘ಇಂಗ್ಲಿಷ್ ರೋಗ’ವೆಂದು ಹಳಿಯುತ್ತಿದ್ದರು. ಈ ರೋಗವನ್ನು ಕಾರ್ಲ್ಸ್‌ರೂಹೆಗೆ ತಂದವರಲ್ಲಿ ಮೊದಲಿಗನು ವಾಲ್ಟರ್ ಬೆನ್ಸೆಮಾನ್ ಎಂಬ ಯೆಹೂದಿ ತರುಣ. ೧೮೯೧ರಲ್ಲಿ, ತಾನಿನ್ನೂ ಹದಿಹರೆಯದವನಾಗಿದ್ದಾಗಲೇ, ಆತ ಅಲ್ಲಿ ಕಾರ್ಲ್ಸ್‌ರೂಹೆ ಫುಟ್‌ಬಾಲ್ ಸಂಘವನ್ನು ಸ್ಥಾಪಿಸಿದನು. ಮುಂದೆ ೧೯೨೦ರಲ್ಲಿ ‘ಕಿಕರ್’ ಎಂಬ ಕ್ರೀಡಾಪತ್ರಿಕೆಯನ್ನು ಹೊರಡಿಸಿದವನೂ ಆತನೇ. ಈ ಪತ್ರಿಕೆಯ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆಯಲ್ಲಿ ಅದು ಮತ್ತೊಮ್ಮೆ ಬರುತ್ತದೆ.

ಬೆನ್ಸೆಮಾನ್ ನೆಟ್ಟ ಸಂಘದ ತೋಟದಲ್ಲಿ ಬೆಳೆದ ಹುಡುಗರಲ್ಲಿ ಫುಕ್ಸ್ ಒಬ್ಬ. ಆತನಿಗೆ ಇಬ್ಬರು ಜೊತೆಗಾರರು. ಒಬ್ಬ ಫ್ರಿಟ್ಸ್ ಫೋರ್ಡರರ್. ಇನ್ನೊಬ್ಬ ಯೂಲಿಯುಸ್ ಹಿರ್ಶ್. ಹಿರ್ಶನೂ ಯೆಹೂದಿಯೇ, ಫುಕ್ಸನಿಗಿಂತ ಮೂರು ವರ್ಷ ಚಿಕ್ಕವನು. ಸಂಘಕ್ಕೆ ತರಬೇತಿ ಕೊಡಲು ಬಂದವನು ವಿಲಿಯಂ ಟೌನ್ಲಿ. ಇಂಗ್ಲೆಂಡಿನ ಎಫ್.ಎ. ಕಪ್ ಅಂತಿಮ ಪಂದ್ಯವೊಂದರಲ್ಲಿ ಮೂರು ಗೋಲುಗಳನ್ನು ಹೊಡೆದ ಮೊದಲಿಗನೆಂದು ೧೮೯೦ರಲ್ಲಿಯೇ ಹೆಸರು ಪಡೆದಿದ್ದ ಆಟಗಾರನಾತ. ಚೆಂಡನ್ನು ಎತ್ತರಕ್ಕೆ ಒದ್ದು ಅದರ ಹಿಂದೆ ಮುಗಿಬೀಳುವ ಒರಟಾಟವನ್ನು ಬಿಡಿಸಿ, ನೆಲಕ್ಕಂಟಿದಂತೆ ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಸಾಗುವ ಆಟವನ್ನು ಆತ ಕಲಿಸಿದನು. ಮೂವರೂ ಅದರಲ್ಲಿ ನುರಿತರು.

೧೯೦೯ರಲ್ಲಿ ಇದೇ ಊರಿನ ಇನ್ನೊಂದು ಸಂಘವಾದ ಫೀನಿಕ್ಸ್ ಜರ್ಮನಿಯ ಚಾಂಪಿಯನ್ ಆಗಿತ್ತು. ಮರುವರ್ಷ ಫುಕ್ಸನ ತಂಡ ಫೀನಿಕ್ಸನ್ನೇ ಸೋಲಿಸಿ ಅಂತಿಮ ಪಂದ್ಯಕ್ಕೆ ನಡೆಯಿತು. ಅಲ್ಲಿ ಕೀಲ್ ಬಂದರಿನ ಹೋಲ್‌ಸ್ಟೈನ್ ತಂಡವನ್ನು ಹೆಚ್ಚುವರಿ ವೇಳೆಯಲ್ಲಿ ಹೊಡೆದ ಒಂದೇ ಒಂದು ಗೋಲಿನಿಂದ ಗೆದ್ದು ಜರ್ಮನಿಗೇ ಹಿರಿಯದೆನಿಸಿತು. ನಾಟಾ ವ್ಯಾಪಾರಿಯ ಮಗನಿಗೆ ಆಗ ಇಪ್ಪತ್ತೊಂದು ವರ್ಷ.

*

ರಾಷ್ಟ್ರದ ತಂಡದಿಂದ ಕರೆ ಬರಲು ತಡವಾಗಲಿಲ್ಲ. ೧೯೧೧ರಿಂದ ೧೯೧೩ರವರೆಗೆ ಫುಕ್ಸ್ ಜರ್ಮನಿಗಾಗಿ ಆಡಿದ ಪಂದ್ಯಗಳು ಆರೇ ಆರು. ಹೊಡೆದ ಗೋಲುಗಳು ಹದಿಮೂರು. ಹಿರ್ಶನೂ ಹಿಂದೆ ಬೀಳಲಿಲ್ಲ. ೧೯೧೨ರ ಮಾರ್ಚ್ ತಿಂಗಳಲ್ಲಿ ಹಾಲೆಂಡಿನೊಡನೆ ಐದಕ್ಕೈದರ ಸಮನಾದ ಪಂದ್ಯ ನಡೆಯಿತು. ಜರ್ಮನಿಯ ಐದರಲ್ಲಿ ನಾಲ್ಕು ಹಿರ್ಶನವು, ಉಳಿದೊಂದು ಫುಕ್ಸನದು. ಹೀಗೆ ಅಂದಿನ ಅಷ್ಟೂ ಗೋಲುಗಳು ಇಬ್ಬರು ಯೆಹೂದಿ ಗೆಳೆಯರ ಕಾಲಿನಿಂದಲೇ ಬಂದುವು. ಪ್ರೇಕ್ಷಕರಲ್ಲಿ ಯಾರೂ ಅವರ ದೇವರಾರೆಂದು ಕೇಳಲಿಲ್ಲ.

ಅದೇ ವರ್ಷದ ಬೇಸಗೆಯಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದುವು. ಜರ್ಮನಿ ಮೊದಲ ಪಂದ್ಯದಲ್ಲಿಯೇ ಆಸ್ಟ್ರಿಯಾದ ಕೈಯಲ್ಲಿ ೫–೧ರಿಂದ ಸೋತಿತು. ಹೀಗೆ ಸೋತವರಿಗಾಗಿಯೇ ಏರ್ಪಡಿಸಿದ್ದ ಸಮಾಧಾನದ ಪಂದ್ಯಾವಳಿಯಲ್ಲಿ, ಜುಲೈ ೧ರಂದು, ಜರ್ಮನಿಗೆ ರಷ್ಯಾ ಎದುರಾಯಿತು. ಆ ಅಪರಾಹ್ನ ಫುಕ್ಸನಿಗೆ ಏನಾಗಿತ್ತೋ! ಫೋರ್ಡರರ್ ನಾಲ್ಕು ಗೋಲು ಹೊಡೆದನು. ಬೇರಿಬ್ಬರು ಒಂದೊಂದು ಹೊಡೆದರು. ಫುಕ್ಸ್ ಒಬ್ಬನೇ ಹತ್ತು ಹೊಡೆದನು. ಜರ್ಮನಿಗೆ ಹದಿನಾರು, ರಷ್ಯಾಕ್ಕೆ ಸೊನ್ನೆ! ತೊಂಬತ್ತು ನಿಮಿಷಗಳ ಆಟದಲ್ಲಿ ಒಬ್ಬನೇ ಒಬ್ಬನು ಒಂಬತ್ತು ನಿಮಿಷಕ್ಕೊಂದರಂತೆ ಗೋಲು ಹೊಡೆದ ಲೆಕ್ಕವಾಯಿತು. ದೇಶದೇಶಗಳ ನಡುವಣ ಪಂದ್ಯದಲ್ಲಿ ಹತ್ತು ಗೋಲುಗಳನ್ನು ಹೊಡೆದವನು ಆತನಿಗಿಂತ ಮುಂಚೆ ಒಬ್ಬನೇ ಇದ್ದನು. ಅವನು ೧೯೦೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಆಡಿದ ಡೆನ್ಮಾರ್ಕಿನ ಸೋಫುಸ್ ನೀಲ್ಸೆನ್.

ಎರಡು ವರ್ಷಗಳಲ್ಲಿಯೇ ಮೊದಲನೆಯ ಮಹಾಯುದ್ಧ ತೊಡಗಿತು. ಚೆಂಡಾಡುತ್ತಿದ್ದವರು ಬಂದೂಕು ಹಿಡಿದರು. ಫುಕ್ಸ್ ಜರ್ಮನಿಯ ಸೇನೆಯಲ್ಲಿ ಹೋರಾಡಿ, ಗಾಯಗೊಂಡು, ‘ಕಬ್ಬಿಣದ ಶಿಲುಬೆ’ ಎಂಬ ಶೌರ್ಯಪದಕವನ್ನು ಪಡೆದನು. ಹಿರ್ಶನಿಗೂ ಅದೇ ಪದಕ ಬಂದಿತು; ಆದರೆ ಅವನ ಸೋದರನೊಬ್ಬನು ಯುದ್ಧದಲ್ಲಿ ಮಡಿದನು. ಜರ್ಮನಿಗಾಗಿ ಆ ಯುದ್ಧದಲ್ಲಿ ಪ್ರಾಣ ತೆತ್ತ ಯೆಹೂದಿಗಳು ಸುಮಾರು ೧೨,೦೦೦ ಮಂದಿ. ನೆಲಕ್ಕೆ ರಕ್ತ ಕೊಟ್ಟ ಮೇಲೆ ನೆಲ ತಮ್ಮದೆಂದು ಉಳಿದವರು ನಂಬಿದುದರಲ್ಲಿ ಆಶ್ಚರ್ಯವೇನಿದೆ?

*

೧೯೩೩ರ ಜನವರಿ ೩೦ರಂದು ಹಿಟ್ಲರನು ಜರ್ಮನಿಯ ಚಾನ್ಸಲರ್ ಆದನು. ಆ ದೇಶದ ಯೆಹೂದಿಗಳು ಆಗ ಸುಮಾರು ಐದು ಲಕ್ಷ. ನೂರಕ್ಕೆ ಒಬ್ಬರೂ ಇಲ್ಲ. ಆದರೂ ದೇಶದ ಸಕಲ ಕಷ್ಟಗಳಿಗೂ ಅವರೇ ಮೂಲವೆಂದು ಹಗಲಿರುಳು ಸಾರುತ್ತಿದ್ದ ಪಕ್ಷದ ಕೈಗೆ ಅಧಿಕಾರ ಬಂದಿತ್ತು. ಮೂರು ತಿಂಗಳೂ ತುಂಬಿರಲಿಲ್ಲ. ಏಪ್ರಿಲ್ ೯ರಂದು ದಕ್ಷಿಣ ಜರ್ಮನಿಯ ಹದಿನಾಲ್ಕು ಪ್ರಮುಖ ಫುಟ್‌ಬಾಲ್ ಸಂಘಗಳು ಒಟ್ಟಾಗಿ ಒಂದು ಹೇಳಿಕೆಗೆ ಸಹಿ ಹಾಕಿದುವು. ಕ್ರೀಡಾಸಂಘಗಳಿಂದ ಯೆಹೂದಿಗಳನ್ನು ತೆಗೆದುಹಾಕುವ ಕಾರ್ಯದಲ್ಲಿ ಹೊಸ ಸರಕಾರಕ್ಕೆ ತಾವು ಮನಃಪೂರ್ವಕವಾಗಿ ನೆರವಾಗುವುದಾಗಿ ಅದರ ಸಾರಾಂಶ. ಕಾನೂನಿನ ಕಟ್ಟಳೆ ಬಂದು ಮಾಡಿದುದಲ್ಲ. ತಾವಾಗಿ ಮುಂದೆ ಬಿದ್ದು ಮಾಡಿದುದು. ಸಹಿ ಹಾಕಿದವರಲ್ಲಿ ಕಾರ್ಲ್ಸ್‌ರೂಹೆ ಸಂಘವೂ ಇತ್ತು. ಯೆಹೂದಿ ಸ್ಥಾಪಿಸಿದ ಸಂಘ. ಇಬ್ಬರು ಯೆಹೂದಿಗಳು ಚಾಂಪಿಯನ್ ಪಟ್ಟ ಗೆದ್ದುಕೊಟ್ಟ ಸಂಘ!

ಮರುದಿನ ಹಿರ್ಶ್ ವೃತ್ತಪತ್ರಿಕೆಯಲ್ಲಿ ಈ ಸುದ್ದಿಯನ್ನು ಓದಿದನು. ಹೊರಗೆ ಹಾಕಿಸಿಕೊಳ್ಳುವವರೆಗೆ ಕಾಯದೆ, ತಾನಾಗಿಯೇ ಸಂಘಕ್ಕೆ ರಾಜೀನಾಮೆಯ ಪತ್ರವನ್ನು ಬರೆದನು. ಯೆಹೂದಿಗಳಲ್ಲಿಯೂ ಈ ನಾಡಿಗಾಗಿ ನೆತ್ತರು ಚೆಲ್ಲಿದವರು ಇದ್ದಾರೆಂಬುದನ್ನು ಅದರಲ್ಲಿ ನೆನಪಿಸಿದನು. ಬೆನ್ಸೆಮಾನ್ ತಾನು ಕಟ್ಟಿದ ಪತ್ರಿಕೆಯನ್ನು ಬಿಟ್ಟು ಸ್ವಿಟ್ಸರ್ಲೆಂಡಿಗೆ ಹೋಗಬೇಕಾಯಿತು. ೧೯೩೪ರ ನವೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡನು. ೧೯೩೫ರ ನ್ಯೂರೆಂಬರ್ಗ್ ಕಾಯಿದೆಗಳು ಯೆಹೂದಿಗಳ ಪೌರತ್ವದ ಹಕ್ಕನ್ನೇ ಕಿತ್ತುಕೊಂಡುವು.

೧೯೩೭ರಲ್ಲಿ ಫುಕ್ಸ್ ಹುಟ್ಟಿದೂರನ್ನು ಬಿಟ್ಟನು. ವಯಸ್ಸು ನಲವತ್ತೆಂಟು. ತಲೆಮಾರಿನಿಂದ ಬಂದ ವ್ಯಾಪಾರ, ಮನೆ, ಗೆಳೆಯರು, ಆಡಿದ ಮೈದಾನ ಎಲ್ಲವನ್ನೂ ಹಿಂದೆ ಬಿಟ್ಟು ಮೊದಲು ಸ್ವಿಟ್ಸರ್ಲೆಂಡಿಗೆ, ಅಲ್ಲಿಂದ ಫ್ರಾನ್ಸಿಗೆ ಹೋದನು. ಅಲ್ಲಿಗೂ ಯುದ್ಧ ಬೆನ್ನಟ್ಟಿ ಬಂದಿತು. ೧೯೪೦ರಲ್ಲಿ ಕಡಲು ದಾಟಿ ಕೆನಡಾ ದೇಶವನ್ನು ಸೇರಿ, ಮಾಂಟ್ರಿಯಲ್ ನಗರದಲ್ಲಿ ನೆಲೆಸಿದನು. ಹೊಸ ನಾಡಿನಲ್ಲಿ ಹೆಸರನ್ನೂ ತುಸು ತಿದ್ದಿಕೊಂಡು ಗಾಡ್‌ಫ್ರಿ ಫಾಕ್ಸ್ ಆದನು. ಆತನ ಅಣ್ಣ ರಿಚರ್ಡ್ ಫುಕ್ಸ್ ವಾಸ್ತುಶಿಲ್ಪಿ, ಸಂಗೀತ ರಚನಕಾರ. ಅವನು ೧೯೩೮ರ ನವೆಂಬರಿನಲ್ಲಿ ಡಖಾವ್ ಸೆರೆಶಿಬಿರವನ್ನು ಕಂಡು, ಬಿಡುಗಡೆಯಾಗಿ, ಮರುವರ್ಷ ನ್ಯೂಜಿಲೆಂಡಿಗೆ ಹೊರಟುಹೋದನು. ಒಂದೇ ತಾಯಿಯ ಮಕ್ಕಳು ಭೂಮಿಯ ಎರಡು ತುದಿಗಳಿಗೆ ಚದರಿದರು.

ಆದರೂ ಹೋದವರೇ ಬದುಕಿದರು. ೧೯೪೦ರ ಅಕ್ಟೋಬರ್ ೨೨ರಂದು ಕಾರ್ಲ್ಸ್‌ರೂಹೆ ಇರುವ ಬಾದೆನ್ ಸೀಮೆಯ ಯೆಹೂದಿಗಳನ್ನು ಮನೆಮನೆಯಿಂದ ಎಬ್ಬಿಸಿ, ರೈಲಿಗೆ ತುಂಬಿ, ಫ್ರಾನ್ಸಿನ ಗುರ್ಸ್ ಶಿಬಿರಕ್ಕೆ ಅಟ್ಟಿದರು. ಹಿರ್ಶನ ಹೆಂಡತಿ ಕ್ರೈಸ್ತಳು. ಹಾಗಾಗಿಯೋ, ತಾನು ಜರ್ಮನಿಗಾಗಿ ಆಡಿದವನು, ಹೋರಾಡಿದವನು ಎಂಬ ನಂಬಿಕೆಯಿಂದಲೋ, ಆತ ಊರನ್ನು ಬಿಟ್ಟಿರಲಿಲ್ಲ. ೧೯೪೩ರ ಮಾರ್ಚ್ ೧ರಂದು ಆತನನ್ನೂ ರೈಲು ಹತ್ತಿಸಿದರು. ಎರಡು ದಿನಗಳ ತರುವಾಯ ದಾರಿಯ ಡಾರ್ಟ್‌ಮಂಡ್ ನಗರದ ಮುದ್ರೆ ಬಿದ್ದ ಒಂದು ಕಾರ್ಡು ಮಗಳಿಗೆ ಬಂದಿತು. ಅವಳ ಹುಟ್ಟಿದ ಹಬ್ಬಕ್ಕೆ ತಂದೆಯ ಹಾರೈಕೆ. ಆ ರೈಲು ಮುಟ್ಟಿದುದು ಆಶ್‌ವಿತ್ಸ್ ಶಿಬಿರವನ್ನು. ಹಿರ್ಶ್ ಮರಳಿ ಬರಲಿಲ್ಲ.

*

ಇಷ್ಟು ಸಾಲದೆಂಬಂತೆ ಇನ್ನೊಂದು ಕೆಲಸವೂ ನಡೆಯಿತು. ೧೯೩೯ರಲ್ಲಿ ‘ಕಿಕರ್’ ಪತ್ರಿಕೆ ಜರ್ಮನಿಯ ರಾಷ್ಟ್ರತಂಡದಲ್ಲಿ ಆಡಿದವರ ಚಿತ್ರಸಂಪುಟವೊಂದನ್ನು ಹೊರತಂದಿತು. ಅದರಲ್ಲಿ ಫುಕ್ಸ್ ಇರಲಿಲ್ಲ, ಹಿರ್ಶ್ ಇರಲಿಲ್ಲ. ಜರ್ಮನಿಯ ತಂಡದಲ್ಲಿ ಅದುವರೆಗೆ ಆಡಿದ ಯೆಹೂದಿಗಳೇ ಇಬ್ಬರು; ಇಬ್ಬರನ್ನೂ ಕಡತದಿಂದ ಕೆರೆದು ತೆಗೆದಿದ್ದರು. ಬೆನ್ಸೆಮಾನನ ಪತ್ರಿಕೆಯಲ್ಲಿಯೇ ಅವನ ಸಂಘದ ಹುಡುಗರಿಗೆ ಸ್ಥಳವಿಲ್ಲದೆ ಹೋಯಿತು. ಗೋಲುಗಳು ಬೇಕಾಗಿದ್ದುವು, ಗೋಲು ಹೊಡೆದವನು ಬೇಡವಾಗಿದ್ದನು. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಎಲ್ಲರೂ ಮರೆತರೆಂದು ಹೇಳುವಂತಿಲ್ಲ. ಕಾರ್ಲ್ಸ್‌ರೂಹೆಗೆ ಸಮೀಪದ ಮಾನ್‌ಹೈಮ್ ಊರಿನ ಒಬ್ಬ ಬಡ ಹುಡುಗನಿಗೆ ಫುಕ್ಸನೇ ಆರಾಧ್ಯ ಆಟಗಾರನಾಗಿದ್ದನು. ಆ ಹುಡುಗನ ಹೆಸರು ಸೆಪ್ ಹೆರ್ಬರ್ಗರ್. ಬೆಳೆದು ಜರ್ಮನಿಯ ತಂಡದ ತರಬೇತುದಾರನಾಗಿ, ೧೯೫೪ರಲ್ಲಿ ಪಶ್ಚಿಮ ಜರ್ಮನಿಗೆ ವಿಶ್ವಕಪ್ಪನ್ನು ಗೆದ್ದುಕೊಟ್ಟವನು ಆತನೇ. ನಾಜಿಗಳ ಕಾಲದಲ್ಲಿಯೂ ಅದೇ ಹುದ್ದೆಯಲ್ಲಿದ್ದವನು ಎಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ಆದರೂ ಯುದ್ಧದ ತರುವಾಯ ಕೆನಡಾದ ವಿಳಾಸಕ್ಕೆ ಕಾಗದ ಬರೆದು ತನ್ನ ಬಾಲ್ಯದ ಆಟಗಾರನ ಸ್ನೇಹವನ್ನು ಆತ ಉಳಿಸಿಕೊಂಡನು.

೧೯೭೨ರಲ್ಲಿ ಮ್ಯೂನಿಕ್ ನಗರದಲ್ಲಿ ಹೊಸ ಒಲಿಂಪಿಕ್ ಕ್ರೀಡಾಂಗಣ ಸಿದ್ಧವಾಯಿತು. ಮೇ ೨೬ರಂದು ಅಲ್ಲಿ ಮೊದಲ ದೊಡ್ಡ ಪಂದ್ಯ. ಎದುರಾಳಿ ಸೋವಿಯತ್ ರಷ್ಯಾ. ರಷ್ಯಾದ ವಿರುದ್ಧ ಹತ್ತು ಗೋಲು ಹೊಡೆದ ಆ ದಿನಕ್ಕೆ ಅರವತ್ತು ವರ್ಷ ತುಂಬುವ ಹೊತ್ತು. ಫುಕ್ಸನನ್ನು ಗೌರವದ ಅತಿಥಿಯಾಗಿ ಕರೆಸಿದರೆ ಎಷ್ಟು ಚೆನ್ನು! ಹೆರ್ಬರ್ಗರ್ ಜರ್ಮನ್ ಫುಟ್‌ಬಾಲ್ ಮಂಡಲಿಗೆ ಈ ಸಲಹೆಯನ್ನು ಮಾಡಿದನು. ಮಂಡಲಿ ಒಪ್ಪಲಿಲ್ಲ. ಹೀಗೆ ಒಬ್ಬರನ್ನು ಕರೆದರೆ ಅದೇ ಪದ್ಧತಿಯಾದೀತು, ಹಣದ ಪರಿಸ್ಥಿತಿ ಅದಕ್ಕೆ ಅನುಕೂಲವಾಗಿಲ್ಲ ಎಂಬ ಧಾಟಿಯ ಕಾರಣವನ್ನು ಕೊಟ್ಟಿತು. ವಿಶ್ವಕಪ್ ಗೆದ್ದ ದೇಶಕ್ಕೆ ಒಬ್ಬ ಮುದುಕನ ವಿಮಾನದ ಟಿಕೆಟ್ಟು ಭಾರವಾಯಿತು.

ಉತ್ತರ ಬರೆಯುವ ಹೊತ್ತಿಗೆ ಅತಿಥಿಯೇ ಇರಲಿಲ್ಲ. ಅದೇ ವರ್ಷದ ಫೆಬ್ರವರಿ ೨೫ರಂದು, ತನ್ನ ಎಂಬತ್ತಮೂರನೆಯ ವರ್ಷದಲ್ಲಿ, ಫುಕ್ಸ್ ಮಾಂಟ್ರಿಯಲ್ಲಿನಲ್ಲಿ ಕಣ್ಣುಮುಚ್ಚಿದ್ದನು. ಮೇ ತಿಂಗಳ ಪಂದ್ಯವನ್ನು ಜರ್ಮನಿ ೪–೧ರಿಂದ ಗೆದ್ದಿತು. ನಾಲ್ಕು ಗೋಲುಗಳನ್ನೂ ಹೊಡೆದವನು ಗೆರ್ಡ್ ಮ್ಯುಲರ್. ಆತನಿಗೆ ಮೊಳಗಿದ ಚಪ್ಪಾಳೆಯ ನಡುವೆ, ಇದೇ ಎದುರಾಳಿಯ ಮೇಲೆ ಹತ್ತು ಹೊಡೆದವನೊಬ್ಬನಿದ್ದನೆಂದು ನೆನೆದವರು ಎಷ್ಟು ಮಂದಿಯೋ.

ಆದರೆ ಹತ್ತು ಎಂಬ ಅಂಕೆಯನ್ನು ಅಳಿಸಲು ಯಾರಿಂದಲೂ ಆಗಲಿಲ್ಲ. ಸ್ಟಾಕ್‌ಹೋಮಿನ ಪಂದ್ಯ ಜರ್ಮನಿಯೊಂದರ ಸೊತ್ತಾಗಿರಲಿಲ್ಲ. ಲೋಕದ ದಾಖಲೆಯಲ್ಲಿ ಸೇರಿಹೋಗಿತ್ತು. ೨೦೦೧ರ ಏಪ್ರಿಲಿನಲ್ಲಿ ಆಸ್ಟ್ರೇಲಿಯಾದ ಆರ್ಚಿ ಥಾಮ್ಸನ್ ಅಮೆರಿಕನ್ ಸಮೋವಾದ ವಿರುದ್ಧ ಹದಿಮೂರು ಗೋಲು ಹೊಡೆಯುವವರೆಗೆ, ಎಂಬತ್ತೆಂಟು ವರ್ಷಗಳಿಗೂ ಮಿಕ್ಕ ಕಾಲ, ಆ ಹತ್ತನ್ನು ಮೀರಿದವರಿರಲಿಲ್ಲ. ಜರ್ಮನಿಯ ಮಟ್ಟಿಗೆ ಅದು ಇಂದಿಗೂ ಮುರಿಯದ ದಾಖಲೆ. ತಡವಾಗಿಯಾದರೂ ಮಂಡಲಿ ಕಣ್ಣು ತೆರೆಯಿತು. ೨೦೦೫ರಿಂದ ದ್ವೇಷವನ್ನೂ ಜನಾಂಗಭೇದವನ್ನೂ ಎದುರಿಸಿ ನಿಂತವರಿಗೆ ಯೂಲಿಯುಸ್ ಹಿರ್ಶನ ಹೆಸರಿನಲ್ಲಿ ಪ್ರತಿವರ್ಷ ಬಹುಮಾನ ಕೊಡುತ್ತಿದೆ. ಇದ್ದಾಗ ಮಣೆ ಹಾಕದವರು ಹೋದ ಮೇಲೆ ಎಡೆಯಿಟ್ಟರೆಂದು ಮೂದಲಿಸಬಹುದು. ಎಡೆಯನ್ನೂ ಇಡದಿರುವುದಕ್ಕಿಂತ ಅದು ಮೇಲು.

*

ಮಲೆನಾಡಿನ ಮುಳುಗಡೆಯನ್ನೂ ಜರ್ಮನಿಯ ಆ ಕ್ರೌರ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗದು. ಇಲ್ಲಿ ನೀರು ಬಂದುದು ನಾಡಿನ ಬೆಳಕಿಗಾಗಿ. ಅಲ್ಲಿ ಬೆಂಕಿ ಹತ್ತಿದುದು ಹಗೆಯಿಂದ. ಇಲ್ಲಿ ಜನರು ಬೇರೆಡೆಗೆ ಹೋಗಿ ಬಾಳು ಕಟ್ಟಿಕೊಂಡರು. ಅಲ್ಲಿ ಬಾಳನ್ನೇ ಉಳಿಸಲಿಲ್ಲ. ಆದರೆ ಹೊರಟುಹೋದವನು ಕೊನೆಗೆ ಕೇಳುವುದು ಎರಡು ಕಡೆಯಲ್ಲಿಯೂ ಒಂದನ್ನೇ: ತಾನೂ ಅಲ್ಲಿಯವನಾಗಿದ್ದೆನೆಂದು ಯಾರಾದರೂ ಹೇಳಲಿ.

ಸಾಗರದ ನಾ. ಡಿಸೋಜಾ ಅವರು ಕಥೆ ಕಾದಂಬರಿಗಳಲ್ಲಿ ಆ ಮಾತನ್ನು ಹೇಳಿದರು; ಮುಳುಗಿದವರನ್ನು ಪುಸ್ತಕದ ಪುಟದಲ್ಲಿ ಉಳಿಸಿ, ೨೦೨೫ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ಜುಲೈಯಲ್ಲಿ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಹಿನ್ನೀರಿನ ಮೇಲೆ ಸೇತುವೆ ತೆರೆಯಿತು. ಅರವತ್ತು ವರ್ಷ ಲಾಂಚಿಗಾಗಿ ಕಾದು ನಿಂತವರು ನೀರನ್ನು ನಡೆದೇ ದಾಟುವಂತಾಯಿತು. ಹಳೆಯ ಲೆಕ್ಕದಲ್ಲಿ ಒಂದು ಬಾಬು ಸಂದಿತು. ನೆಲದ ಹಕ್ಕುಪತ್ರದಂಥ ಬಾಬುಗಳು ಎಷ್ಟೋ ಕುಟುಂಬಗಳಿಗೆ ಇನ್ನೂ ಬಾಕಿಯಿವೆ. ಮಳೆ ಕಡಮೆಯಾದ ವರ್ಷಗಳ ಬೇಸಗೆಯಲ್ಲಿ ನೀರು ಇಳಿದಾಗ ಹಳೆಯ ರಸ್ತೆಯ ಗುರುತು, ಕಲ್ಲಿನ ಮೆಟ್ಟಿಲು, ಮನೆಯ ಅಡಿಪಾಯ ತಲೆಯೆತ್ತುತ್ತವೆ. ಹಿರಿಯರು ಮೊಮ್ಮಕ್ಕಳನ್ನು ಕರೆದೊಯ್ದು, ಇಲ್ಲಿ ಜಗಲಿಯಿತ್ತು, ಇಲ್ಲಿ ನಾವು ಆಡುತ್ತಿದ್ದೆವು ಎಂದು ತೋರಿಸುತ್ತಾರೆ.

ಅತ್ತ ಅಂಗಳದಲ್ಲಿ ಆಟ ನಡೆದೇ ಇರುತ್ತದೆ. ಕಳೆದ ವರ್ಷ ಲೆಕ್ಕಕ್ಕಿಲ್ಲದಿದ್ದ ಮಗು ಈ ವರ್ಷ ಒಂದು ಗೇಣು ಬೆಳೆದಿದೆ. ಪಕ್ಷ ಕಟ್ಟುವಾಗ ಹಿರಿಯಣ್ಣ ಅದರತ್ತ ಬೆರಳು ಮಾಡಿ, ‘ಇವನು ನಮ್ಮ ಕಡೆ’ ಎನ್ನುತ್ತಾನೆ. ಆ ಮೂರು ಮಾತಿಗೆ ಮಗುವಿನ ಮುಖ ಅರಳುವುದನ್ನು ನೋಡಬೇಕು. ಗಾಟ್‌ಫ್ರೀಡ್ ಫುಕ್ಸ್ ಮೂವತ್ತೈದು ವರ್ಷ ಹೊರನಾಡಿನಲ್ಲಿ ಬಾಳಿದನು. ಆತನ ನಾಡು ಆತನಿಗೆ ಈ ಮೂರು ಮಾತನ್ನು ಹೇಳಲು ಒಂದು ವಸಂತವಷ್ಟೇ ಬಾಕಿಯಿತ್ತು, ಹೇಳಲಿಲ್ಲ.